ಎರಡು ವರುಷದ ಆಣೆ

ತುಮಕೂರು
11-6-2025

ಕುಮಾರಿ ಮಾಲಿನಿ ಅವರಿಗೆ,
ಕಾಲರ್ ಸೆಕ್ಷನ್, ಗಾರ್ಮೆಂಟ್ಸ್ ಹಾಸ್ಟೆಲ್, ಕುಣಿಗಲ್.

ವಿಷಯ: ತಾವು ನಾಲ್ಕು ತಿಂಗಳಿನಿಂದ ತಮ್ಮನನ್ನು ಒಂದು ಬಾರಿಯೂ ಬೈಯದೆ ಇರುವುದಕ್ಕೆ ಸ್ಪಷ್ಟೀಕರಣ ಕೋರಿ.

ಮಾನ್ಯ ಅಕ್ಕನವರೇ,

ತಮ್ಮ ಚಿಕ್ಕಮ್ಮನ ಮಗನೂ, ಸುಮುಹೂರ್ತ ಮ್ಯಾನ್‌ಪವರ್ ಏಜೆನ್ಸಿಯ ಆಫೀಸ್ ಅಸಿಸ್ಟೆಂಟನೂ, ಸದರಿ ಆಫೀಸಿನ ಟೀ ತರಿಸುವ ವಿಭಾಗದ ಮುಖ್ಯಸ್ಥನೂ ಆದ ಸಿದ್ದಾರ್ಥ ಎಂಬ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಫೆಬ್ರವರಿಯಲ್ಲಿ ತಾವು ನಮ್ಮ ಏಜೆನ್ಸಿಯ ಮೂಲಕ ಗಾರ್ಮೆಂಟ್ಸಿಗೆ ಸೇರಿದ ಮೇಲೆ ತಮ್ಮ ಬಾಯಿಗೆ ಏನೋ ಆಗಿದೆ. ಫೋನ್ ಮಾಡಿದರೆ, ಮೆಟ್ಟಿಲ ಹತ್ತಿರ ಮಾತ್ರ ಸಿಗ್ನಲ್ಲು, ಅಲ್ಲಿ ಹದಿನಾಲ್ಕು ಹುಡುಗಿಯರು ಕಿವಿ ಅಗಲಿಸಿಕೊಂಡು ನಿಂತಿರುತ್ತಾರೆ ಅನ್ನುತ್ತೀರಿ. ಮೆಸೇಜು ಮಾಡಿದರೆ ‘ಹ್ಞೂಂ’. ಒಂದು ಅಕ್ಷರ, ಒಂದು ಸೊನ್ನೆ. ಇಷ್ಟು ಕಡಿಮೆ ಮಾತು ತಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲ.

ಆದ್ದರಿಂದ ಈ ಪತ್ರ. ನಮ್ಮ ವ್ಯಾನು ಬುಧವಾರ, ಶನಿವಾರ ಕುಣಿಗಲ್ಲಿಗೆ ಬರುತ್ತದಷ್ಟೆ. ಡ್ರೈವರ್ ರಾಮಾಂಜಿನಯ್ಯ ಪತ್ರವನ್ನು ಮೇಲಿನ ಜೇಬಿನಲ್ಲಿಟ್ಟು ತರುತ್ತಾನೆ. ಉತ್ತರವನ್ನೂ ಅವನ ಕೈಗೇ ಕೊಡುವುದು. ಅವನು ಓದುವುದಿಲ್ಲ. ಕನ್ನಡಕ ಮನೆಯಲ್ಲಿರುತ್ತದೆ.

ಇನ್ನು ಮುಖ್ಯ ವಿಷಯ. ಜೊತೆಗಿಟ್ಟಿರುವ ಕಾಗದ ನೋಡಿ. ಊರಿನ ವಿಳಾಸಕ್ಕೆ ಬಂದಿತ್ತು, ದೊಡ್ಡಮ್ಮ ಒಡೆದು ನೋಡದೆ ನನಗೆ ಕಳಿಸಿದ್ದಳು. ಹೋದ ವರ್ಷ ಕೈತಪ್ಪಿದ್ದ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಸೀಟು ಈ ವರ್ಷ ತಮಗೆ ಸಿಕ್ಕಿದೆ. ಕಾಲೇಜು ತುಮಕೂರಿನಲ್ಲೇ. ಆಗಸ್ಟ್ 11ರೊಳಗೆ ಖುದ್ದಾಗಿ ಹಾಜರಾಗಬೇಕು, ತಪ್ಪಿದರೆ ಸೀಟು ಬೇರೆಯವರಿಗೆ. ಆದಕಾರಣ ತಾವು ಕೂಡಲೇ ರಾಜೀನಾಮೆ ಬಿಸಾಕಿ ಬರತಕ್ಕದ್ದು. ಏಜೆನ್ಸಿ ಕಡೆಯಿಂದ ಯಾವ ಅಡ್ಡಿಯೂ ಇಲ್ಲವೆಂದು ನಾನೇ ಆದೇಶಿಸಿದ್ದೇನೆ.

ತಮ್ಮ ವಿಧೇಯ,
ಸಿದ್ದಾರ್ಥ

* * *

ಕುಣಿಗಲ್
14-6-2025

ಸಿದ್ದು,

ಪತ್ರ ಬಂತು. ಓದಿ ಮಂಚದ ಮೇಲೆ ಒಬ್ಬಳೇ ನಕ್ಕೆ. ಪಕ್ಕದ ಮಂಚದ ಆಶಾರಾಣಿ, “ಏನಕ್ಕಾ, ಲವ್ ಲೆಟರ್ರಾ?” ಅಂದಳು. “ಇಲ್ಲ ಕಣೇ, ಸರ್ಕಾರಿ ನೋಟೀಸು” ಅಂದೆ.

ಸೀಟಿನ ಕಾಗದ ನೋಡಿದೆ. ಎರಡು ಸಲ ನೋಡಿದೆ. ಬೇಡ ಕಣೋ. ಬಿಟ್ಟುಬಿಡು. ಇಲ್ಲಿ ನನಗೇನೂ ತೊಂದರೆ ಇಲ್ಲ. ಕಾಲರ್ ಸೆಕ್ಷನ್ನಿನಲ್ಲಿ ನನ್ನ ಕೈ ಕುದುರಿದೆ. ಊಟ ಪರವಾಗಿಲ್ಲ. ಸಾರು ಮಾತ್ರ ಬಚ್ಚಲ ನೀರು. ಡಿಪ್ಲೊಮಾ ಓದಿದವರೆಲ್ಲ ಏನು ಉದ್ಧಾರವಾಗಿದ್ದಾರೆ? ಇನ್ನೊಬ್ಬರ ರಕ್ತ ತೆಗೆದು ಸೀಸೆಗೆ ಹಾಕುವುದಕ್ಕಿಂತ ಕಾಲರ್ ಹೊಲಿಯುವುದೇ ಸರಿ.

ಅಮ್ಮನ ಹತ್ತಿರ ಈ ವಿಷಯ ಎತ್ತಬೇಡ. ಚಿಕ್ಕಪ್ಪನ ಮಂಡಿನೋವು ಹೇಗಿದೆ?

ಮಾಲಿನಿ

* * *

ತುಮಕೂರು
18-6-2025

ವಿಷಯ: ಏಕಸದಸ್ಯ ವಿಚಾರಣಾ ಆಯೋಗದ ಮಧ್ಯಂತರ ವರದಿ.

ಮಾನ್ಯರೇ,

ಎಸ್ಸೆಸ್ಸೆಲ್ಸಿಯಿಂದಲೂ ಕಪ್ಪೆ, ಜಿರಳೆ, ಕೊನೆಗೆ ನನ್ನ ಮೂಗಿನ ಸಿಂಬಳವನ್ನೂ ಗಾಜಿನ ಮೇಲೆ ಸವರಿ ನೋಡುತ್ತಿದ್ದ ವ್ಯಕ್ತಿಯೊಬ್ಬರು ಲ್ಯಾಬ್ ಸೀಟು ಬೇಡವೆನ್ನುತ್ತಾರೆ. ಆಯೋಗವು ಇಡೀ ಒಂದು ಮಧ್ಯಾಹ್ನ ಬೆಂಚಿನ ಮೇಲೆ ಮಲಗಿ ಯೋಚಿಸಿ ಈ ತೀರ್ಮಾನಕ್ಕೆ ಬಂದಿದೆ: ಹುಡುಗ. ಕುಣಿಗಲ್ಲಿನಲ್ಲಿ ಒಬ್ಬ ಹುಡುಗ ಇದ್ದಾನೆ. ಪ್ರಾಯಶಃ ಕ್ಯಾಂಟೀನಿನವನು. ಸಾರನ್ನು ಬೈದುಕೊಂಡೂ ಅಲ್ಲೇ ಇರಲು ಒಪ್ಪುವುದಕ್ಕೆ ಲೋಕದಲ್ಲಿ ಬೇರೆ ಕಾರಣವಿಲ್ಲ. ಹೆಸರು, ಊರು, ಮೀಸೆ ಇದೆಯೇ ಇಲ್ಲವೇ, ಇಷ್ಟನ್ನು ಮರುಟಪಾಲಿನಲ್ಲಿ ತಿಳಿಸತಕ್ಕದ್ದು.

ಇನ್ನೊಂದು ಕೆಲಸ. ನಿಮ್ಮ ಗಾರ್ಮೆಂಟ್ಸಿನಿಂದ ಶರ್ಟು ಕೊಳ್ಳುವ ಹೊರದೇಶದ ಕಂಪನಿ ಈ ತಿಂಗಳ ಕೊನೆಗೆ ಆಡಿಟ್ ಮಾಡಿಸುತ್ತಿದೆ. ಲೆಕ್ಕಪತ್ರದ ಆಡಿಟ್ ಅಲ್ಲ. ಕೆಲಸಗಾರರನ್ನು ಬಲವಂತವಾಗಿ ಇಟ್ಟುಕೊಂಡಿದ್ದಾರೆಯೇ, ಕೆಲಸಕ್ಕೆ ಸೇರಿಸಲು ದುಡ್ಡು ಕಿತ್ತಿದ್ದಾರೆಯೇ ಎಂದು ನೋಡುವ ಆಡಿಟ್. ನಮ್ಮ ಬಾಸ್ ಶಿವಮೂರ್ತಿ ಸಾರ್ ಫೈಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ತಾವು ಈ ಮೂರಕ್ಕೆ ಉತ್ತರ ಬರೆದರೆ ನನಗೂ ಧೈರ್ಯ. ಒಂದು, ನಿಮ್ಮ ಮಾರ್ಕ್ಸ್ ಕಾರ್ಡು, ಆಧಾರ್ ಯಾರ ಬಳಿ ಇದೆ? ಎರಡು, ಹಾಸ್ಟೆಲ್ ಗೇಟಿಗೆ ಬೀಗ ಇದೆಯೇ? ಮೂರು, ಸೇರುವಾಗ ಯಾರಾದರೂ ದುಡ್ಡು ಕೇಳಿದರೇ?

ಆಯೋಗದ ಅಧ್ಯಕ್ಷ, ಸದಸ್ಯ ಹಾಗೂ ಜವಾನ,
ಸಿದ್ದಾರ್ಥ

* * *

ಕುಣಿಗಲ್
25-6-2025

ಕತ್ತೆ,

ಹುಡುಗನೂ ಇಲ್ಲ, ಮೀಸೆಯೂ ಇಲ್ಲ. ಕ್ಯಾಂಟೀನಿನಲ್ಲಿ ಇರುವುದು ಅರವತ್ತು ವರ್ಷದ ಅಜ್ಜ. ಅವನು ನನ್ನನ್ನು ಕರೆಯುವುದು ‘ಏ ಮಗಾ’ ಎಂದು.

ನಿನ್ನ ಪ್ರಶ್ನೆಗಳಿಗೆ ಉತ್ತರ. ಮಾರ್ಕ್ಸ್ ಕಾರ್ಡು, ಆಧಾರ್ ನನ್ನ ಟ್ರಂಕಿನಲ್ಲೇ ಇವೆ. ದುಡ್ಡು ಯಾರೂ ಕೇಳಲಿಲ್ಲ. ಗೇಟಿಗೆ ಬೀಗ ಹಾಕುವುದಿಲ್ಲ. ಹಾಕುವ ಅಗತ್ಯವೂ ಇಲ್ಲ.

ನಾನು ಬಂದಾಗ ಕಾಲರಿನ ಟಾರ್ಗೆಟ್ಟು ಗಂಟೆಗೆ ಎಂಬತ್ತು ಇತ್ತು. ಈಗ ನೂರ ಹತ್ತು. ಭಾನುವಾರ ಅರ್ಧ ದಿನ ಇದ್ದದ್ದು ಪೂರ್ತಿಯಾಗಿದೆ. ಯಾರೋ ಒಬ್ಬಳು ಸೂಪರ್‌ವೈಸರನ್ನು ಕೇಳಿದ್ದಕ್ಕೆ, “ಇಷ್ಟ ಇಲ್ದಿದ್ರೆ ಹೋಗ್ರಮ್ಮಾ, ಗೇಟ್ ತೆಗ್ದೇ ಐತೆ” ಎಂದು ನಕ್ಕ. ಯಾರೂ ಹೋಗುವುದಿಲ್ಲ ಎಂದು ಅವನಿಗೆ ಗೊತ್ತು. ಅದು ಗೊತ್ತಾದ ಮೇಲೆಯೇ ಅವನ ಬಾಯಿ ಬದಲಾದದ್ದು ಎಂದು ಹಳಬರು ಹೇಳುತ್ತಾರೆ.

ಆಶಾರಾಣಿ ಜನವರಿಯಲ್ಲಿ ಬಿಟ್ಟು ಹೋಗಿದ್ದಳು. ಮಾರ್ಚಿನಲ್ಲಿ ಅವಳ ತಾಯಿ ದೊಡ್ಡಗಂಗಮ್ಮ ತಾನೇ ಕರೆದುಕೊಂಡು ಬಂದು ಮತ್ತೆ ಸೇರಿಸಿದಳು. ಬರುವಾಗ ಒಂದು ಚೀಲ ತಂದಿದ್ದಳು. ಗೇಟಿನ ಹತ್ತಿರ ಸುರಿದು ನಮಗೆಲ್ಲ ತೋರಿಸಿದಳು. ಅವರ ತೋಟದ ಎಳನೀರು. ಮುಷ್ಟಿಯಷ್ಟೇ ಗಾತ್ರ, ಸಿಪ್ಪೆಯೆಲ್ಲ ಕಂದಾಗಿ ಬಿರಿದಿತ್ತು. ನುಸಿ ಹತ್ತಿತ್ತು. ಅವತ್ತಿನಿಂದ ಬಿಡುವ ಮಾತನ್ನು ಯಾರೂ ಆಡಿಲ್ಲ.

ಇಷ್ಟು ಸಾಕು. ಚಿಕ್ಕಪ್ಪನ ಮಂಡಿ ಬಗ್ಗೆ ಕೇಳಿದ್ದೆ, ಆಯೋಗ ಉತ್ತರ ಕೊಡಲಿಲ್ಲ.

ಮಾಲಿನಿ

* * *

ತುಮಕೂರು
2-7-2025

ವಿಷಯ: ವಿಜಯೋತ್ಸವ.

ಮಾನ್ಯರೇ,

ಅಪ್ಪನ ಮಂಡಿ ಮೊದಲಿನಂತೆಯೇ ಇದೆ. ಕೂರುವಾಗ ಒಂದು ದೇವರನ್ನೂ ಏಳುವಾಗ ಇನ್ನೊಂದು ದೇವರನ್ನೂ ಕರೆಯುತ್ತಾರೆ.

ಆಡಿಟ್ ಆಯಿತು. ಬೆಂಗಳೂರಿನಿಂದ ಪ್ರಮೀಳಾ ಎಂಬ ಮೇಡಂ ಬಂದಿದ್ದರು. ಮೂರು ಗಂಟೆ ಫೈಲು ನೋಡಿದರು. ಮಾರ್ಕ್ಸ್ ಕಾರ್ಡು ಹಿಡಿದಿಟ್ಟಿಲ್ಲ, ಸರಿ. ದುಡ್ಡು ತೆಗೆದುಕೊಂಡಿಲ್ಲ, ಸರಿ. ಗೇಟು, ಸರಿ. ಶಿವಮೂರ್ತಿ ಸಾರ್ ಮುಖ ಪೂಜೆಗೆ ತಿಕ್ಕಿಟ್ಟ ತಾಮ್ರದ ಚೊಂಬಾಯಿತು. ಹೊರಡುವಾಗ ಮೇಡಂ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು.

“ಅರವತ್ತನಾಲ್ಕು ಜನ ಸೇರಿದಾರೆ. ಹನ್ನೊಂದು ತಿಂಗಳಲ್ಲಿ ಒಬ್ರೂ ಬಿಟ್ಟಿಲ್ವಾ?”

“ಒಬ್ಬಳು ಬಿಟ್ಟಿದ್ಲು ಮೇಡಂ. ಅವಳೂ ವಾಪಸ್ ಬಂದ್ಲು. ಸಾರು ಅಷ್ಟು ಚೆನ್ನಾಗಿದೆ.”

ಅವರು ನಗಲಿಲ್ಲ. “ಮದುವೆ ಅಂತ ಹೋಗ್ತಾರೆ, ಹುಷಾರಿಲ್ಲ ಅಂತ ಹೋಗ್ತಾರೆ, ಬೇಜಾರಾಯ್ತು ಅಂತ ಹೋಗ್ತಾರೆ. ನಾನು ನೋಡಿರೋ ಕಡೆಯೆಲ್ಲಾ ವರ್ಷಕ್ಕೆ ಮೂರರಲ್ಲಿ ಒಬ್ರು ಬಿಡ್ತಾರೆ. ಹೋಗೋಕೆ ಆಗುತ್ತೆ ಅಂದ್ರೆ ಜನ ಹೋಗ್ತಾರಪ್ಪಾ. ನಿಮ್ಮ ಫೈಲಲ್ಲಿ ತಪ್ಪಿಲ್ಲ. ಅದಕ್ಕೇ ನಂಗೆ ಸಮಾಧಾನ ಇಲ್ಲ.” ಹೀಗೆ ಹೇಳಿ ನಂಬರು ಕೊಟ್ಟು ಹೋದರು.

ಅವರು ಹೋದ ಮೇಲೆ ನಿಮ್ಮ ಪತ್ರವನ್ನು ಮತ್ತೆ ಓದಿದೆ. ಅಕ್ಕಾ, ಒಂದು ಮಾತು ಕೇಳುತ್ತೇನೆ, ತಮಾಷೆಗಲ್ಲ. ಆಶಾರಾಣಿ ಕೆಲಸ ಬಿಟ್ಟಿದ್ದಕ್ಕೂ ಅವರ ಮರಕ್ಕೆ ನುಸಿ ಹತ್ತಿದ್ದಕ್ಕೂ ಏನು ಸಂಬಂಧ?

ಸಿದ್ದು

* * *

ಕುಣಿಗಲ್
5-7-2025

ಸಿದ್ದು,

ನೀನು ನಗುತ್ತೀಯ ಎಂದು ಹೇಳಿರಲಿಲ್ಲ. ಈಗ ಕೇಳಿದ್ದೀಯ, ಹೇಳುತ್ತೇನೆ.

ನಾವು ಸೇರಿದ ದಿನ ವ್ಯಾನು ನೇರ ಕುಣಿಗಲ್ಲಿಗೆ ಬರಲಿಲ್ಲ. ಮೊದಲು ಯಡಿಯೂರಿಗೆ ಹೋಯಿತು. ತಾಯಂದಿರೂ ಬರಬೇಕು ಎಂದು ನಿಮ್ಮ ಶಿವಮೂರ್ತಿ ಸಾರ್ ಹೇಳಿ ಕಳಿಸಿದ್ದರು. ದರ್ಶನ ಮುಗಿಸಿ ಬಂದ ಮೇಲೆ ರಸ್ತೆಯ ಬದಿ, ವ್ಯಾನಿನ ನೆರಳಿನಲ್ಲಿ, ಗೋಪುರದ ಕಡೆ ಮುಖ ಮಾಡಿ ಸಾಲಾಗಿ ನಿಂತೆವು. ತಾಯಿ ಮಗಳು ಇಬ್ಬರೂ ಸೇರಿ ಒಂದು ತೆಂಗಿನಕಾಯಿ ಹಿಡಿದುಕೊಳ್ಳಬೇಕು. ಶಿವಮೂರ್ತಿ ಸಾರ್ ಕಾಗದ ನೋಡಿಕೊಂಡು ಹೇಳಿದ್ದನ್ನು ನಾವು ಹೇಳಬೇಕು. ನನಗೆ ಪೂರ್ತಿ ಬಾಯಿಪಾಠ ಬರುತ್ತದೆ:

‘ಯಡಿಯೂರು ಸಿದ್ದಲಿಂಗೇಶ್ವರನ ಸಾಕ್ಷಿಯಾಗಿ, ಹೆತ್ತವಳ ಸಾಕ್ಷಿಯಾಗಿ ನುಡಿಯುತ್ತೇನೆ. ಎರಡು ವರುಷ ತುಂಬುವ ತನಕ ಹಿಡಿದ ಕೆಲಸವ ಬಿಡೆನು, ಕರೆತಂದವರ ಹೆಸರ ಕೆಡಿಸೆನು. ಈ ನುಡಿಗೆ ತಪ್ಪಿದೆನಾದರೆ ಒಲೆಯ ಮೇಲಿನ ಹಾಲು ಒಡೆಯಲಿ, ಹಟ್ಟಿಯ ಎಮ್ಮೆ ಬರಡಾಗಲಿ, ತೆಂಗಿನ ಮರಕ್ಕೆ ನುಸಿ ಹತ್ತಲಿ, ಹೊಂಬಾಳೆ ಕರಟಲಿ.’

ಅಮ್ಮನ ಕೈ ನನ್ನ ಕೈಯ ಮೇಲಿತ್ತು. ‘ನುಸಿ’ ಅನ್ನುವಾಗ ಅವಳು ಕಾಯಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಪ್ಪ ಹೋದ ಮೇಲೆ ಆ ಮೂವತ್ತೆರಡು ಮರದಿಂದಲೇ ಅಲ್ಲವೇ ನಮ್ಮ ಮನೆ ನಡೆದಿರುವುದು. ಆ ತೆಂಗಿನಕಾಯಿ ಈಗಲೂ ನಮ್ಮ ದೇವರ ಗೂಡಿನಲ್ಲಿದೆ. ಎರಡು ವರ್ಷ ತುಂಬಿದ ಮೇಲೆ ಯಡಿಯೂರಿಗೆ ಹೋಗಿ ಒಡೆಯಬೇಕು.

ಸೀಟಿನ ವಿಷಯ ಅಮ್ಮನಿಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಅವಳು ಊರಿನ ಹಿರಿಯರನ್ನು ಕೇಳಿ ಬಂದಳು. “ಆಣೆ ಇಡಿಸ್ದೋನೇ ಬಿಡಿಸ್ಬೇಕಂತೆ ಕಣವ್ವಾ. ಬರೀ ಬಾಯ್ಮಾತಲ್ಲಿ ಅಲ್ಲ, ಇದ್ರ ಕೇಡು ನನ್ ಮೇಲಿರ್ಲಿ ಅಂತ ಹೊತ್ಕೋಬೇಕಂತೆ. ಯಾರ್ ಹೊತ್ಕೊತಾರೆ?” ಅಂದಳು. ಆಮೇಲೆ ನಾವಿಬ್ಬರೂ ಆ ಮಾತು ಬಿಟ್ಟೆವು.

ಆ ಮಾತುಗಳನ್ನು ಯಾವ ಕಾಲದವರು ಕಟ್ಟಿದರೋ. ಹಳೆಯ ಮಠದ ಓಲೆಯಲ್ಲಿ ಇತ್ತೇನೋ. ಹೇಳುವಾಗ ಮೈ ಜುಮ್ಮೆನ್ನುತ್ತದೆ.

ನಕ್ಕರೆ ನಗು. ಯಾರಿಗೂ ಹೇಳಬೇಡ.

ಮಾಲಿನಿ

* * *

ಕುಣಿಗಲ್
12-7-2025

ಸಿದ್ದು,

ಬುಧವಾರದ ವ್ಯಾನಿನಲ್ಲಿ ಪತ್ರ ಇಲ್ಲ. ಇವತ್ತೂ ಇಲ್ಲ. ರಾಮಾಂಜಿನಯ್ಯನನ್ನು ಕೇಳಿದರೆ, “ಅವ್ನು ಊಟನೇ ಸರ್ಯಾಗಿ ಮಾಡ್ತಿಲ್ಲ ಕಣಮ್ಮ, ಪತ್ರ ಎಲ್ಲಿ ಬರ್ದಾನು” ಎಂದ. ನಕ್ಕು ನಕ್ಕು ಹೊಟ್ಟೆ ಕೆಟ್ಟಿತೇನೋ ನಿನಗೆ. ಅಥವಾ ನಾನು ಹೇಳಿದ್ದನ್ನು ಊರೆಲ್ಲ ಸಾರಿ ಮುಖ ತೋರಿಸಲಾರದೆ ಕೂತಿದ್ದೀಯಾ?

ಮಾಲಿನಿ

* * *

ತುಮಕೂರು
16-7-2025

ವಿಷಯ:

ಅಕ್ಕಾ, ವಿಷಯದ ಮುಂದೆ ಏನು ಬರೆಯಬೇಕೆಂದು ಹತ್ತು ದಿನದಿಂದ ತಿಳಿಯುತ್ತಿಲ್ಲ. ಆ ಆಣೆಯನ್ನು ಬರೆದವನು ನಾನು.

ಹೋದ ಆಗಸ್ಟಿನಲ್ಲಿ, ಮೊದಲ ಬ್ಯಾಚು ಹೊರಡುವ ಮುಂಚೆ, ಶಿವಮೂರ್ತಿ ಸಾರ್ ನನ್ನನ್ನು ಕರೆದರು. “ಹುಡ್ಗೀರು ಮೂರೇ ತಿಂಗ್ಳಿಗೆ ಓಡೋಗ್ತವೆ, ಕಂಪನಿಯೋರು ನನ್ ಮುಖಕ್ಕೆ ಉಗೀತಾರೆ. ಮೊದ್ಲಾದ್ರೆ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಬೀರುಗೆ ಹಾಕ್ತಿದ್ವಿ. ಈಗ ಹಂಗ್ ಮಾಡಂಗಿಲ್ಲ, ಎಲ್ಲಾ ಆಡಿಟ್ಟು. ಮನ್ಸಿಗೆ ನಾಟಂಗೆ ಏನಾರ ಬರ್ಕೊಡು. ನಿಂಗೆ ಈ ಥರದ್ದೆಲ್ಲಾ ಬರ್ತದಲ್ಲಾ” ಅಂದರು.

ನನಗೆ ಈ ಥರದ್ದೆಲ್ಲ ಬರುತ್ತದೆ. ಅದೇ ಹೆಮ್ಮೆ. ಅರ್ಧ ಗಂಟೆಯಲ್ಲಿ ಬರೆದೆ. ‘ಬಿಡೆನು’, ‘ಕೆಡಿಸೆನು’ ಎಂದು ಹಾಕಿದಾಗ ನನಗೇ ನಗು ತಡೆಯಲಾಗಲಿಲ್ಲ. ಅವತ್ತು ಬೆಳಗ್ಗೆ ಅಪ್ಪ ಫೋನಿನಲ್ಲಿ ಪಕ್ಕದ ತೋಟಕ್ಕೆ ನುಸಿ ಬಂತು, ನುಸಿ ಬಂತು ಎಂದು ಗೋಳಾಡಿದ್ದರು, ಅದಕ್ಕೇ ನುಸಿಯನ್ನು ಸೇರಿಸಿದೆ. ಕುರ್ಚಿಯ ಮೇಲೆ ನಿಂತು ನಾಟಕದ ರಾಜನ ಹಾಗೆ ಓದಿದೆ. ಕುಡಿಯುತ್ತಿದ್ದ ಟೀ ರಾಮಾಂಜಿನಯ್ಯನ ಮೂಗಿನಿಂದ ಬಂತು. ಸ್ಕೂಲಿನ ಪ್ರತಿಜ್ಞೆಯ ಹಾಗೆ ಹುಡುಗಿಯರೂ ಕಿಸಿಕಿಸಿ ನಗುತ್ತಾ ಹೇಳಿ ಮರೆಯುತ್ತಾರೆ ಅಂದುಕೊಂಡೆ. ಯಡಿಯೂರು, ತೆಂಗಿನಕಾಯಿ, ತಾಯಂದಿರು, ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೂ ಇಲ್ಲ.

ಓಲೆ ಇಲ್ಲ, ಮಠ ಇಲ್ಲ. ನುಸಿ ಈ ವರ್ಷ ಗುಬ್ಬಿ ತಾಲ್ಲೂಕಿನ ಅರ್ಧ ತೋಟಕ್ಕೆ ಹತ್ತಿದೆ. ಆಣೆ ಇಡದವರ ಮರಕ್ಕೂ ಹತ್ತಿದೆ. ಅದು ಬರೀ ನನ್ನ ಕುಚೋದ್ಯ ಕಣೇ. ನೀನು ಬಾ. ಸೀಟು ತಗೋ.

ಸಿದ್ದು

* * *

ಕುಣಿಗಲ್
19-7-2025

ಸಿದ್ದು,

ಚೆನ್ನಾಗಿ ಕಟ್ಟಿದ್ದೀಯ. ಟೀ ಮೂಗಿನಿಂದ ಬಂತು ಅನ್ನುವುದನ್ನೂ ಬಿಡದೆ ಸೇರಿಸಿದ್ದೀಯ.

ನಮ್ಮೂರಿಗೆ ರೈಲ್ವೆ ಸ್ಟೇಷನ್ ಮಂಜೂರಾಗಿದೆ ಎಂದು ಆಲೂಗಡ್ಡೆಯಲ್ಲಿ ಸೀಲು ಕೊರೆದು, ಪಂಚಾಯಿತಿ ಬೋರ್ಡಿಗೆ ಕಾಗದ ಅಂಟಿಸಿದವನು ನೀನು. ಪಾಪ, ಶಿವರಾಮಯ್ಯ ಮೇಷ್ಟ್ರು ಟಿಕೆಟ್ ಕೌಂಟರಿಗೆಂದು ಜಾಗ ಅಳೆಸಿದ್ದರು. ಈಗ ನನ್ನನ್ನು ಕಾಲೇಜಿಗೆ ಕಳಿಸಬೇಕು ಎಂದು ಇದನ್ನು ಕಟ್ಟಿದ್ದೀಯ. ನಿನ್ನ ಮನಸ್ಸು ಒಳ್ಳೆಯದು. ಆದರೆ ನನ್ನ ಭಯ ತೆಗೆಯಲೆಂದು ನೀನು ಪಾಪವನ್ನು ಮೈಮೇಲೆ ಎಳೆದುಕೊಳ್ಳಬೇಡ.

ಒಂದು ವೇಳೆ ನಿಜವಾಗಿದ್ದರೂ ಕೇಳು. ಬರೆದವನು ನಕ್ಕಿರಬಹುದು. ಹೇಳಿದವರು ನಗಲಿಲ್ಲ. ಅರವತ್ತನಾಲ್ಕು ಹುಡುಗಿಯರು, ಅಷ್ಟೇ ತಾಯಂದಿರು, ಗೋಪುರ ನೋಡಿಕೊಂಡು ಹೇಳಿದ್ದಾರೆ. ಕಾಗದ ನಿನ್ನದಾದರೂ ಮಾತು ನಮ್ಮದು. ಅದನ್ನು ತಮಾಷೆ ಎಂದು ನೀನು ಹೇಗೆ ವಾಪಸ್ ತೆಗೆದುಕೊಳ್ಳುತ್ತೀಯ?

ಮಾಲಿನಿ

* * *

ತುಮಕೂರು
23-7-2025

ಅಕ್ಕಾ,

ನೀನು ನಂಬದೆ ಇರುವುದು ಸರಿಯಾಗಿಯೇ ಇದೆ. ನಡೆದದ್ದನ್ನು ಬರೆಯುತ್ತೇನೆ.

ಸೋಮವಾರ ಶಿವಮೂರ್ತಿ ಸಾರ್ ಬಳಿ ಹೋಗಿ, “ಸಾರ್, ಆ ಆಣೆ ಬಿಡಿಸ್ಬೇಕು” ಅಂದೆ.

“ಯಾವ ಆಣೆ? ಫೈಲಲ್ಲಿ ಐತಾ?”

“ಇಲ್ಲ ಸಾರ್.”

“ಫೈಲಲ್ಲಿ ಇಲ್ದಿದ್ದು ಇಲ್ಲ ಕಣಯ್ಯಾ. ನಾವೇನ್ ಬೀಗ ಹಾಕಿದೀವಾ, ಬಾಸುಂಡೆ ಬರಂಗೆ ಹೊಡ್ದಿದೀವಾ? ದೇವ್ರ ಮುಂದೆ ಒಳ್ಳೆ ಮಾತ್ ಹೇಳ್ಸಿದೀವಿ. ದೇವ್ರಿಗೆ ಹೆದ್ರಿದ್ರೆ ಅದು ಭಕ್ತಿ. ನೀನ್ಯಾಕ್ ಹೆದ್ರುತೀಯಾ?”

“ಅದನ್ನ ಬರ್ದೋನು ನಾನು ಸಾರ್.”

“ಹಂಗಾರೆ ಬಾಯ್ ಮುಚ್ಕೊಂಡಿರು.”

ಮೆಟ್ಟಿಲಿಳಿದು ಬಂದು ಪ್ರಮೀಳಾ ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ನನ್ನ ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ. ಬರೆದುಕೊಡಿ, ಕಾಲಂ ನಾನು ಹಾಕ್ತೀನಿ” ಅಂದರು. ಯಾರು ಬರೆಸಿದರು, ಯಾರು ಬರೆದರು, ಎಲ್ಲಿ ಹೇಳಿಸಿದರು, ಎಲ್ಲ ಬರೆದು ಸಹಿ ಮಾಡಿ, ನನ್ನ ಕೈಬರಹದ ಮೊದಲ ಪ್ರತಿಯನ್ನೂ ಜೊತೆಗಿಟ್ಟು ಕಳಿಸಿದೆ. ನಿನ್ನೆ ಸಾಯಂಕಾಲ ಸಾರ್‌ಗೆ ವಿಷಯ ತಿಳಿಯಿತು. ನನ್ನ ಟಿಫನ್ ಬಾಕ್ಸನ್ನು ಮೆಟ್ಟಿಲ ಕೆಳಗಿನವರೆಗೂ ಉರುಳಿಸಿದರು.

ನಾಳೆ ಊರಿಗೆ ಹೋಗುತ್ತೇನೆ. ಪತ್ರವನ್ನು ರಾಮಾಂಜಿನಯ್ಯ ಈಗಲೂ ತರುತ್ತಾನೆ. ಏಜೆನ್ಸಿ ಬಿಟ್ಟದ್ದು ನಾನು, ಅವನ ಜೇಬಲ್ಲ ಎಂದು ಅವನೇ ಹೇಳಿದ.

ಸಿದ್ದು

* * *

ಕುಣಿಗಲ್
26-7-2025

ಸಿದ್ದು,

ಈಗ ನಂಬಿದೆ. ತಮಾಷೆಗಾಗಿ ಯಾರೂ ಇದ್ದ ಕೆಲಸ ಕಳೆದುಕೊಳ್ಳುವುದಿಲ್ಲ.

ನಂಬಿದ ಮೇಲೆ ಬಂದದ್ದು ಸಿಟ್ಟು. ಫೆಬ್ರವರಿಯಿಂದ ಪ್ರತಿದಿನ ಮಷೀನಿಗೆ ಕೂರುವ ಮೊದಲು ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ, ಮರೆತರೆ ಅದೇ ತಪ್ಪಾಗುತ್ತದೇನೋ ಎಂದು. ನೀನು ಎದುರಿಗಿದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ನಿನ್ನೆ ಪ್ರಮೀಳಾ ಮೇಡಂ ಹಾಸ್ಟೆಲಿಗೇ ಬಂದರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಹೇಳಬಾರದು ಎಂದು ಆಣೆಯಲ್ಲಿ ಇರಲಿಲ್ಲ, ಆದರೂ ಬಿಡಲಿಲ್ಲ. ನನ್ನ ಸರದಿ ಬಂದಾಗ ನಾನೂ ತಲೆ ತಗ್ಗಿಸಿ ಎದ್ದು ಬಂದೆ. ಕೊನೆಗೆ ಹೇಳಿದವಳು ಆಶಾರಾಣಿ. “ನಮ್ ಮರಕ್ಕೆ ಆಗ್ಲೇ ನುಸಿ ಹತ್ತೈತೆ, ಇನ್ನೇನ್ ಆಗ್ಬೇಕು ಬುಡಿ” ಎಂದು ಶುರುಮಾಡಿದಳಂತೆ. ಬಿಡಿಸುವ ರೀತಿಯನ್ನೂ ಹೇಳಿದಳಂತೆ. ಮೇಡಂ ಎಲ್ಲವನ್ನೂ ಬರೆದುಕೊಂಡರು.

ಮೇಡಂ ಬರೆದುಕೊಂಡರೆ ಅಮ್ಮ ಒಪ್ಪುತ್ತಾಳೆಯೇ? ಹನ್ನೊಂದನೇ ತಾರೀಖಿಗೆ ಇನ್ನು ಹದಿನಾರು ದಿನ.

ಮಾಲಿನಿ

* * *

ಗುಬ್ಬಿ
6-8-2025

ಅಕ್ಕಾ,

ಆಣೆ ಬಿಟ್ಟಿತು. ನೀನು ಹೊರಡಬಹುದು.

ಹೊರದೇಶದ ಕಂಪನಿ ಗಾರ್ಮೆಂಟ್ಸಿನವರನ್ನು ಹಿಡಿದು ಕೇಳಿತು, ಗಾರ್ಮೆಂಟ್ಸಿನವರು ಶಿವಮೂರ್ತಿ ಸಾರ್ ಅವರನ್ನು ಹಿಡಿದರು. ಇಡಿಸಿದ ಜಾಗದಲ್ಲೇ, ಆಣೆ ಇಟ್ಟವರ ಮುಂದೆಯೇ ಬಿಡಿಸಬೇಕು, ಇಲ್ಲದಿದ್ದರೆ ಇನ್ನು ನಿಮ್ಮಿಂದ ಒಬ್ಬರನ್ನೂ ತೆಗೆದುಕೊಳ್ಳುವುದಿಲ್ಲ ಅಂದರು. ಭಾನುವಾರ ಎರಡು ವ್ಯಾನಿನಲ್ಲಿ ನಲವತ್ತು ಚಿಲ್ಲರೆ ತಾಯಂದಿರು ಯಡಿಯೂರಿಗೆ ಬಂದರು. ಎಲ್ಲರ ಮಡಿಲಲ್ಲೂ ಅವತ್ತಿನ ತೆಂಗಿನಕಾಯಿ. ನಾನು ಬಸ್ಸಿನಲ್ಲಿ ಹೋದೆ. ಬಾ ಎಂದು ಯಾರೂ ಕರೆದಿರಲಿಲ್ಲ.

ಪ್ರಮೀಳಾ ಮೇಡಂ ಒಂದು ಪಕ್ಕ ಕೊಡೆ ಹಿಡಿದು ನಿಂತಿದ್ದರು. ಶಿವಮೂರ್ತಿ ಸಾರ್ ಟೈಪ್ ಮಾಡಿಸಿದ ಕಾಗದ ತೆಗೆದು, ‘ಯಾರನ್ನೂ ಯಾವ ಮಾತಿಗೂ ಬದ್ಧರನ್ನಾಗಿ ಇರಿಸಿರುವುದಿಲ್ಲ’ ಎಂದು ಓದಿದರು. ಒಬ್ಬರೂ ಅಲ್ಲಾಡಲಿಲ್ಲ. ಆಗ ಆಶಾರಾಣಿಯ ತಾಯಿ ದೊಡ್ಡಗಂಗಮ್ಮ ಮುಂದೆ ಬಂದಳು.

“ಓದಿದ್ದು ಸರಿ ಸಾಮಿ. ಹೊತ್ಕೊಂತೀಯಾ?”

“ಓದಿದ್ನಲ್ಲಮ್ಮಾ.”

“ಓದೋದು ಯಾರ್ ಬೇಕಾದ್ರೂ ಓದ್ತಾರೆ. ಕೇಡು ನನ್ ಮರಕ್ಕೆ ಬರ್ಲಿ ಅನ್ನು.”

ಶಿವಮೂರ್ತಿ ಸಾರ್ ಗೋಪುರದ ಕಡೆ ನೋಡಿದರು. ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಕಡಬದ ಹತ್ತಿರ ಅವರಿಗೆ ಮುನ್ನೂರು ಮರದ ತೋಟ ಇದೆ. ಅರವತ್ತನಾಲ್ಕು ಮನೆಯನ್ನು ಹೆದರಿಸಿಟ್ಟವರು ತಾವೂ ಅದಕ್ಕೆ ಅಷ್ಟೇ ಹೆದರುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಆಮೇಲೆ ಆಗಬೇಕಾದದ್ದು ಆಯಿತು. ಅದರ ವಿವರ ಬೇಡ. ತಾಯಂದಿರು ಕಾಯಿ ಒಡೆದರು. ದೊಡ್ಡಮ್ಮನೂ ಒಡೆದಳು. ಮಾಲಿನಿ ಬರಲಿ ಎಂದು ಅವಳ ಬಾಯಿಂದಲೇ ಬಂತು. ಟ್ರಂಕು ಕಟ್ಟಿಕೋ.

ಸಿದ್ದು

* * *

ತುಮಕೂರು
12-8-2025

ಸಿದ್ದು,

ನಿನ್ನೆ ಕಾಲೇಜಿಗೆ ಹಾಜರಾದೆ. ಕ್ಲರ್ಕು, “ಕೊನೇ ದಿನವೇ ಬರ್ಬೇಕಾ ನೀವೆಲ್ಲಾ” ಎಂದು ಗೊಣಗಿಕೊಂಡೇ ಸೀಲು ಹಾಕಿದ. ಫೋನು ಕೈಯಲ್ಲೇ ಇದೆ, ಇಲ್ಲಿ ಸಿಗ್ನಲ್ಲೂ ಇದೆ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಗಾರ್ಮೆಂಟ್ಸಿನಿಂದ ಈ ವಾರ ಹೊರಟವರು ನನ್ನನ್ನೂ ಸೇರಿಸಿ ಒಂಬತ್ತು ಜನ. ಉಳಿದವರು ಉಳಿದರು. ಅವರಿಗೆ ಕೆಲಸ ಬೇಕು, ಆಶಾರಾಣಿಗೂ ಬೇಕು. ಆದರೆ ಶನಿವಾರ ಸೂಪರ್‌ವೈಸರ್ ಸೆಕ್ಷನ್ನಿಗೆ ಬಂದು, “ನಾಳೆ ಯಾರ್ಯಾರು ಬರ್ತೀರಮ್ಮಾ?” ಎಂದು ಕೇಳಿದ. ಅವನು ಹಾಗೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರುವುದಿಲ್ಲ ಎಂದು ಇಪ್ಪತ್ತು ಜನ ಕೈಯೆತ್ತಿದರು.

ಯಡಿಯೂರಿನಲ್ಲಿ ಆದದ್ದನ್ನು ನೀನು ಬರೆಯಲಿಲ್ಲ. ಅಮ್ಮ ಹೇಳಿದಳು. ಶಿವಮೂರ್ತಿ ಬಾಯಿ ಬಿಡದೆ ನಿಂತಾಗ ನೀನು ಹೆಂಗಸರ ನಡುವೆ ನುಗ್ಗಿ ಹೋದೆಯಂತೆ. “ಬರ್ದೋನು ನಾನು. ಇಡಿಸ್ದೋನೂ ನಾನೇ ಅನ್ಕೊಳ್ಳಿ. ನಮ್ಮಪ್ಪ ಅಡವಿಯಪ್ಪನ ಹದಿನೆಂಟು ಮರ ಐತೆ, ಕೇಡು ಅಲ್ಲಿಗೆ ಬರ್ಲಿ” ಅಂದೆಯಂತೆ. ಎಲ್ಲರೂ ನಿನ್ನ ಮುಖವನ್ನೇ ನೋಡುತ್ತಾ ನಿಂತರಂತೆ, ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು. ನಗು ಬರದೇ ಇದ್ದಾಗ ದೊಡ್ಡಗಂಗಮ್ಮ ತನ್ನ ಕಾಯಿಯನ್ನು ನಿನ್ನ ಕೈಗಿಟ್ಟಳಂತೆ.

ನೀನು ಇದನ್ನೆಲ್ಲ ನಂಬುವುದಿಲ್ಲ ಎಂದು ನನಗೆ ಗೊತ್ತು. ಚಿಕ್ಕಪ್ಪ ನಂಬುತ್ತಾರೆ. ಅವರು ಒಂದು ವಾರದಿಂದ ನಿನ್ನೊಡನೆ ಮಾತಾಡುತ್ತಿಲ್ಲವಂತೆ, ದಿನಾ ಬೆಳಗ್ಗೆ ತೋಟಕ್ಕೆ ಹೋಗಿ ತಲೆಯೆತ್ತಿ ಮರ ನೋಡಿಕೊಂಡು ಬರುತ್ತಾರಂತೆ. ಅವರ ಮರವನ್ನು ಅವರನ್ನು ಕೇಳದೆ ಕೊಟ್ಟುಬಿಟ್ಟೆ. ಅದು ನನ್ನ ಸಲುವಾಗಿ. ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ಸಿಟ್ಟು ಪೂರ್ತಿ ಹೋಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಅಮ್ಮ ನನ್ನ ಜೊತೆ ತುಮಕೂರಿಗೆ ಬರಲಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, “ಆ ಹುಡ್ಗ ಹೊತ್ಕೊಂಡಿದ್ದು ಜನಕ್ಕೆ ಇರ್ಲಿ. ನಾನು ಕಾಯಿ ಒಡ್ಯೋವಾಗ ಸಿದ್ದಲಿಂಗಪ್ಪನಿಗೆ ಬೇರೆ ಹೇಳಿದೀನಿ. ಬಂದ್ರೆ ನಮ್ ಮೂವತ್ತೆರಡು ಮರಕ್ಕೇ ಬರ್ಲಿ, ಅಡವಿಯಪ್ಪನ ಮರ ಮುಟ್ಬ್ಯಾಡ ಅಂತ. ನೀನೀಗ ಕೆಲ್ಸ ಕಲ್ತು ದುಡಿತೀಯ, ನಂಗೆ ಸಾಕು. ಅವ್ನಿಗೆ ಹೇಳ್ಬ್ಯಾಡ ಕಣೇ” ಅಂದಳು.

ಹೇಳಿದ್ದೇನೆ. ನಿನಗೆ ಗೊತ್ತು ಎಂದು ಅವಳಿಗೆ ಗೊತ್ತಾಗಬಾರದು. ನಮ್ಮ ತೋಟದಲ್ಲಿ ಕಾಯಿ ಬಲಿತು ತಾವೇ ಉದುರುತ್ತಿವೆ, ಕೀಳುವವರು ಸಿಕ್ಕಿಲ್ಲ. ಗುರುವಾರದೊಳಗೆ ಹೋಗಿ ಕಿತ್ತುಕೊಡು.

ನಿನ್ನ ಅಕ್ಕ,
ಮಾಲಿನಿ